ಅಲ್ಪ ವಿಕಿರಣ ಟಾನಿಕ್ ಅಲ್ಲ

ಅತಿಯಾದರೆ ಅಮೃತವೂ ವಿಷ ಎಂದರು ಹಿರಿಯರು. ಅದನ್ನು ತಿರುವಿ ಹಾಕಿ, ಮಿತವಾದರೆ ವಿಷವೂ ಅಮೃತ ಎಂದು ಅವರು ಹೇಳಲಿಲ್ಲ. ವಿಕಿರಣದ ವಿಷಯದಲ್ಲಿ ಇಂದು ಕೇಳಿಬರುತ್ತಿರುವುದು ಆ ತಿರುವಿದ ಮಾತೇ. ಹೆಚ್ಚು ವಿಕಿರಣ ಕೊಲ್ಲುತ್ತದೆ, ಒಪ್ಪಿದೆವು. ಅಲ್ಪ ವಿಕಿರಣ ಮಾತ್ರ ದೇಹವನ್ನು ಎಚ್ಚರಿಸುತ್ತದೆ, ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆ, ಕ್ಯಾನ್ಸರ್‌ನಿಂದಲೂ ಕಾಯುತ್ತದೆ ಎನ್ನುತ್ತಾರೆ. ರೇಡಾನ್ ಎಂಬ ವಿಕಿರಣಶೀಲ ಅನಿಲ ಬೆರೆತ ನೀರಿನ ಯುರೋಪಿನ ಸ್ನಾನಗೃಹಗಳ ಪ್ರಚಾರದಲ್ಲಿ ಈ ಮಾತಿದೆ. ಅಣುಶಕ್ತಿಯ ಉತ್ಸಾಹಿ ಬೆಂಬಲಿಗರ ಭಾಷಣಗಳಲ್ಲಿದೆ. ಅಮೆರಿಕದಲ್ಲಿ ವಿಕಿರಣದ ಮಿತಿಗಳನ್ನು ಸಡಿಲಿಸಬೇಕೆಂದು ವಾದಿಸುವವರ ಅರ್ಜಿಗಳಲ್ಲೂ ಇದೆ. ಹಾರ್ಮಿಸಿಸ್ ಎಂಬ ಹೆಸರಿಟ್ಟು, ಪ್ರಯೋಗಗಳ ಪಟ್ಟಿ ಜೋಡಿಸಿ, ಇದನ್ನು ಹೆಚ್ಚುಕಡಿಮೆ ಸಾಬೀತಾದ ಸಂಗತಿಯಂತೆ ಮುಂದಿಡಲಾಗುತ್ತಿದೆ. ಸಾಬೀತಾಗಿಲ್ಲ. ಈ ವಾದದ ಬುಡದಲ್ಲಿರುವ ದೇಹದ ಕಲ್ಪನೆಯೇ ತಪ್ಪು.

ಅಲ್ಪ ಎಂದರೆ ಎಷ್ಟು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅಂಗಾಂಶ ಹೀರಿಕೊಂಡ ವಿಕಿರಣದ ಅಳತೆ ಗ್ರೇ. ಅದರ ಸಾವಿರದ ಒಂದು ಪಾಲು ಮಿಲಿಗ್ರೇ. ವಿಶ್ವಸಂಸ್ಥೆಯ ವಿಕಿರಣ ಪರಿಣಾಮಗಳ ವೈಜ್ಞಾನಿಕ ಸಮಿತಿ 100 ಮಿಲಿಗ್ರೇಗಿಂತ ಕೆಳಗಿನದನ್ನು ಅಲ್ಪ ಪ್ರಮಾಣ ಎನ್ನುತ್ತದೆ. ನೆಲ, ಕಲ್ಲು, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್ (ದೇಹದ ಮೇಲಿನ ಪರಿಣಾಮಕ್ಕೆ ತಕ್ಕಂತೆ ತೂಗಿದ ವಿಕಿರಣದ ಅಳತೆ) ತಗಲುತ್ತದೆ. ಎದೆಯ ಒಂದು ಎಕ್ಸ್‌ರೇ ಅದರ ಒಂದು ಸಣ್ಣ ಚೂರು. ಹೊಟ್ಟೆಯ ಒಂದು ಸಿ.ಟಿ. ಸ್ಕ್ಯಾನ್ ಅದರ ಮೂರು ನಾಲ್ಕು ಪಟ್ಟು ಆಗಬಹುದು. ಈ ಅಳತೆಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಅಲ್ಪ ವಿಕಿರಣದ ಗುಣಗಾನಕ್ಕೆ ಕೊಡುವ ಪುರಾವೆಗಳಲ್ಲಿ ಎಷ್ಟೋ ಅಲ್ಪ ಪ್ರಮಾಣದವೇ ಅಲ್ಲ.

ರೋಗನಿರೋಧಕ ಶಕ್ತಿ ಎನ್ನುವುದು ಹಂಡೆಯಲ್ಲಿನ ನೀರಲ್ಲ, ಹೆಚ್ಚಿತು ಇಳಿಯಿತು ಎಂದು ಮಟ್ಟ ನೋಡಿ ಹೇಳುವುದಕ್ಕೆ. ಸೋಂಕು ತಗಲಿದ ಕೋಶವನ್ನು ಕೊಲ್ಲುವುದು ಅದರ ಒಂದು ಕೆಲಸ. ಸ್ವಂತ ಕೀಲು, ಸ್ವಂತ ಮೂತ್ರಪಿಂಡದ ಮೇಲೆ ಬೀಳದೆ ಸುಮ್ಮನಿರುವುದೂ ಅಷ್ಟೇ ದೊಡ್ಡ ಕೆಲಸ. ಉರಿಯೂತವನ್ನು ಹೊತ್ತಿಸುವ ಕಣಗಳಿವೆ, ಕೆಲಸ ಮುಗಿದ ಮೇಲೆ ಅದನ್ನು ಆರಿಸುವ ಕಣಗಳಿವೆ. ಹಳೆಯ ಸೋಂಕನ್ನು ದಶಕಗಳ ಕಾಲ ನೆನಪಿಟ್ಟುಕೊಳ್ಳುವ ಕಣಗಳಿವೆ, ಇನ್ನೂ ಯಾವ ರೋಗಾಣುವನ್ನೂ ಎದುರಿಸದೆ ಕಾದಿರುವ ಹೊಸ ಕಣಗಳೂ ಇವೆ. ಇವುಗಳ ನಡುವಿನ ಹೊಂದಾಣಿಕೆಯೇ ಆರೋಗ್ಯ. ರುಮಟಾಯ್ಡ್ ಸಂಧಿವಾತ, ಲೂಪಸ್, ಮಕ್ಕಳನ್ನು ಕಾಡುವ ಟೈಪ್ 1 ಮಧುಮೇಹ, ಇವೆಲ್ಲ ಈ ವ್ಯವಸ್ಥೆ ಸ್ವಂತ ದೇಹದ ಮೇಲೆಯೇ ತಿರುಗಿಬಿದ್ದುದರ ಫಲ. ಕೋವಿಡ್ ಕಾಲದಲ್ಲಿ ನಾವು ಕಳೆದುಕೊಂಡ ಅನೇಕರ ಶ್ವಾಸಕೋಶಗಳನ್ನು ಕೊನೆಯ ಹಂತದಲ್ಲಿ ಕೆಡಿಸಿದ್ದು ವೈರಸ್ ಒಂದೇ ಅಲ್ಲ, ಹತೋಟಿ ತಪ್ಪಿದ ಉರಿಯೂತ. ಹೀಗಿರುವಾಗ ಯಾವುದೋ ಒಂದು ಕಣದ ಸಂಖ್ಯೆ ಏರಿದ್ದನ್ನು ತೋರಿಸಿ ಶಕ್ತಿ ಹೆಚ್ಚಿತು ಎನ್ನುವವರು, ಯಾವ ಕೆಲಸ ಹೆಚ್ಚಿತು, ಯಾವುದು ಕುಗ್ಗಿತು, ಯಾರ ದೇಹದಲ್ಲಿ, ಎಷ್ಟು ದಿನ ಎಂಬ ಪ್ರಶ್ನೆಗಳಿಗೆ ಉತ್ತರಿಸಲೇಬೇಕು.

ಉತ್ತರ ಹುಡುಕಿದರೆ ಸಿಗುವುದು ಅವರ ಮಾತಿಗೆ ಬಹುಮಟ್ಟಿಗೆ ವಿರುದ್ಧವಾದ ಚಿತ್ರ. ಜರ್ಮನಿಯಲ್ಲಿ ಹಿಮ್ಮಡಿ ನೋವಿಗೆ, ಕೀಲು ಸವೆತಕ್ಕೆ ಅಲ್ಪ ವಿಕಿರಣ ಚಿಕಿತ್ಸೆ ಕೊಡುವ ಪದ್ಧತಿ ದಶಕಗಳಿಂದ ಇದೆ. ಒಂದು ಸಲಕ್ಕೆ ಅರ್ಧದಿಂದ ಒಂದು ಗ್ರೇ, ಅದೂ ನೋವಿರುವ ಜಾಗಕ್ಕೆ ಮಾತ್ರ. ಮೇಲೆ ಹೇಳಿದ ಮಿತಿಯ ಐದರಿಂದ ಹತ್ತು ಪಟ್ಟು ಇದು. ಅಲ್ಲಿನ ಪ್ರಯೋಗಶಾಲೆಗಳು ಈ ಪ್ರಮಾಣ ಏನು ಮಾಡುತ್ತದೆ ಎಂದು ಶ್ರದ್ಧೆಯಿಂದ ಶೋಧಿಸಿವೆ. ರಕ್ತನಾಳದ ಒಳಗೋಡೆಗೆ ಬಿಳಿ ರಕ್ತಕಣಗಳು ಅಂಟಿಕೊಳ್ಳುವುದು ಕಡಿಮೆಯಾಗುತ್ತದೆ. ಮ್ಯಾಕ್ರೊಫೇಜ್ ಎಂಬ ಭಕ್ಷಕ ಕಣಗಳು ಉಗುಳುವ ನೈಟ್ರಿಕ್ ಆಕ್ಸೈಡ್ ಇಳಿಯುತ್ತದೆ. ಉರಿಯೂತವನ್ನು ತಗ್ಗಿಸುವ ಸಂದೇಶಗಳು ಹೆಚ್ಚುತ್ತವೆ. ನೋವು ಶಮನವಾದರೆ ಅದಕ್ಕೆ ಕಾರಣ ನಿರೋಧಕ ವ್ಯವಸ್ಥೆ ಬಲಗೊಂಡಿದ್ದಲ್ಲ, ಆ ಜಾಗದಲ್ಲಿ ಅದನ್ನು ಅದುಮಿದ್ದು. ಕೀಲು ಸವೆತದಲ್ಲಿ ಆ ಶಮನವೂ ಒಂದು ಗಟ್ಟಿ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಕೈ ಮತ್ತು ಮಂಡಿಯ ಕೀಲು ಸವೆತದ ರೋಗಿಗಳಲ್ಲಿ ಕೆಲವರಿಗೆ ನಿಜವಾದ ವಿಕಿರಣ, ಉಳಿದವರಿಗೆ ಯಂತ್ರ ಚಾಲೂ ಮಾಡದ ಸೋಗಿನ ಚಿಕಿತ್ಸೆ ಕೊಟ್ಟು, ಯಾರಿಗೆ ಯಾವುದೆಂದು ರೋಗಿಗಳಿಗೆ ತಿಳಿಸದೆ ನೋಡಿದಾಗ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಕೋವಿಡ್ ನ್ಯುಮೋನಿಯಾಕ್ಕೂ ಇದನ್ನೇ ಪ್ರಯೋಗಿಸಲಾಯಿತು. 2020ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ಹತ್ತು ರೋಗಿಗಳ ಶ್ವಾಸಕೋಶಗಳಿಗೆ ಒಂದು ಸಲ 0.7 ಗ್ರೇ ಕೊಟ್ಟ ಪ್ರಾಥಮಿಕ ಅಧ್ಯಯನ ಭರವಸೆ ಹುಟ್ಟಿಸಿತು. ಅದರಲ್ಲಿ ಹೋಲಿಸಿ ನೋಡಲು ಬೇರೊಂದು ಗುಂಪು ಇರಲಿಲ್ಲ. ಸ್ವಿಟ್ಜರ್‌ಲ್ಯಾಂಡ್‌ನಲ್ಲಿ ವೆಂಟಿಲೇಟರ್ ಮೇಲಿದ್ದ 22 ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ 1 ಗ್ರೇ, ಇನ್ನೊಂದಕ್ಕೆ ಸೋಗಿನ ಚಿಕಿತ್ಸೆ ಕೊಟ್ಟರು. ಲಾಭ ಕಾಣಲಿಲ್ಲ. ವಿಕಿರಣ ಪಡೆದವರ ರಕ್ತದಲ್ಲಿ ಲಿಂಫೋಸೈಟ್‌ಗಳು ಮಾತ್ರ ಇಳಿದವು. ಲಿಂಫೋಸೈಟ್ ನಮ್ಮ ದೇಹದ ಅತ್ಯಂತ ವಿಕಿರಣಸೂಕ್ಷ್ಮ ಕಣಗಳಲ್ಲಿ ಒಂದು; ಎಕ್ಸ್‌ಕಿರಣ ಪತ್ತೆಯಾಗಿ ಹತ್ತು ವರ್ಷ ಕಳೆಯುವ ಮೊದಲೇ ವೈದ್ಯರಿಗೆ ಇದು ಗೊತ್ತಾಗಿತ್ತು. ರೋಗನಿರೋಧಕ ಶಕ್ತಿಯ ಮುಖ್ಯ ಆಳೇ ವಿಕಿರಣಕ್ಕೆ ಮೊದಲು ಬಲಿಯಾಗುವ ಕಣ ಎಂಬುದನ್ನು ಹಾರ್ಮಿಸಿಸ್ ಪ್ರಚಾರಕರು ಓದುಗರಿಗೆ ಹೇಳುವುದು ಅಪರೂಪ.

ಇಲಿಗಳ ಪ್ರಯೋಗಗಳನ್ನು ನಾನು ಅಲ್ಲಗಳೆಯುವುದಿಲ್ಲ. ಚೀನಾದ ಚಾಂಗ್‌ಚುನ್‌ನಲ್ಲಿ 75 ಮಿಲಿಗ್ರೇ ಕೊಟ್ಟ ಇಲಿಗಳಲ್ಲಿ ಕೆಲವು ನಿರೋಧಕ ಪ್ರತಿಕ್ರಿಯೆಗಳು ಚುರುಕಾದದ್ದು ನಿಜ. ಜಪಾನಿನ ಇನ್ನೊಂದು ಪ್ರಯೋಗದಲ್ಲಿ ಸತತ ಅಲ್ಪ ವಿಕಿರಣ ಪಡೆದ ಇಲಿಗಳು ಹೆಚ್ಚು ಕಾಲ ಬದುಕಿದ್ದೂ ನಿಜ. ಆದರೆ ಆ ಜಪಾನೀ ಇಲಿಗಳು ಯಾವ ತಳಿಯವು? ಹುಟ್ಟಿನಿಂದಲೇ ತಮ್ಮ ನಿರೋಧಕ ವ್ಯವಸ್ಥೆಯ ದಾಳಿಗೆ ತಾವೇ ತುತ್ತಾಗಿ, ಲೂಪಸ್‌ನಂಥ ರೋಗದಿಂದ ಬೇಗ ಸಾಯುವ ತಳಿ. ಅಂಥ ದೇಹದಲ್ಲಿ ಆ ವ್ಯವಸ್ಥೆಯ ಉಪಟಳ ತಗ್ಗಿದರೆ ಆಯಸ್ಸು ಹೆಚ್ಚುವುದು ಸಹಜ. ಅದನ್ನು ಆರೋಗ್ಯವಂತ ಮನುಷ್ಯನಿಗೆ ಹೊಂದಿಸುವುದು ತರ್ಕವಲ್ಲ. ಸಾಧಾರಣ ಇಲಿಗಳ ಮೇಲೆ ನಡೆದ ಬಹು ದೊಡ್ಡ ಪ್ರಯೋಗವೂ ಜಪಾನಿನದೇ. ರೊಕ್ಕಾಶೊ ಊರಿನಲ್ಲಿ 4,000 ಇಲಿಗಳನ್ನು ನಾಲ್ಕು ಗುಂಪು ಮಾಡಿ, ಒಂದನ್ನು ಹಾಗೆಯೇ ಬಿಟ್ಟು, ಉಳಿದವಕ್ಕೆ ದಿನಕ್ಕೆ 0.05, 1.1, 21 ಮಿಲಿಗ್ರೇಯಂತೆ 400 ದಿನ ಗಾಮಾ ವಿಕಿರಣ ಕೊಟ್ಟು, ಸಾಯುವವರೆಗೂ ಕಾದು ನೋಡಿದರು. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅತಿ ಹೆಚ್ಚು ಪಡೆದ ಗುಂಪಿನ ಆಯಸ್ಸು ಕುಗ್ಗಿತ್ತು. ನಡುವಿನ ಗುಂಪಿನಲ್ಲಿ ಹೆಣ್ಣಿಲಿಗಳ ಆಯಸ್ಸು ಕುಗ್ಗಿತ್ತು. ಅತಿ ಕಡಿಮೆ ಪಡೆದ ಗುಂಪಿನಲ್ಲಿ ಎದ್ದುಕಾಣುವ ವ್ಯತ್ಯಾಸ ಇರಲಿಲ್ಲ. ಯಾವ ಗುಂಪಿನ ಆಯಸ್ಸೂ ಹೆಚ್ಚಲಿಲ್ಲ. ಟಾನಿಕ್ ಆಗಿದ್ದರೆ ಅಲ್ಲಿ ಕಾಣಬೇಕಿತ್ತು.

1984ರ ಪ್ರಯೋಗವೊಂದನ್ನು ಈ ವಾದಿಗಳು ಮತ್ತೆ ಮತ್ತೆ ಎತ್ತುತ್ತಾರೆ. ಮನುಷ್ಯರ ಲಿಂಫೋಸೈಟ್‌ಗಳಿಗೆ ಮೊದಲು ತುಸು ಟ್ರಿಟಿಯಂ ವಿಕಿರಣ ಕೊಟ್ಟು, ಆಮೇಲೆ 1.5 ಗ್ರೇ ಎಕ್ಸ್‌ಕಿರಣ ಹಾಯಿಸಿದಾಗ ಕ್ರೋಮೋಸೋಮ್‌ಗಳು ನಿರೀಕ್ಷಿಸಿದಷ್ಟು ತುಂಡಾಗಲಿಲ್ಲ. ಸುಂದರ ಪ್ರಯೋಗ, ಕೋಶದ ರಿಪೇರಿ ವ್ಯವಸ್ಥೆಯ ಬಗ್ಗೆ ಬಹಳ ಕಲಿಸಿದೆ. ಆದರೆ ಮುಂದಿನ ಅಧ್ಯಯನಗಳಲ್ಲಿ ಕೆಲವರ ರಕ್ತದಲ್ಲಿ ಈ ಗುಣ ಕಂಡಿತು, ಕೆಲವರಲ್ಲಿ ಕಾಣಲೇ ಇಲ್ಲ. ಕಂಡಲ್ಲಿಯೂ ಮೊದಲ ವಿಕಿರಣಕ್ಕೂ ಎರಡನೆಯದಕ್ಕೂ ನಡುವಿನ ಗಂಟೆಗಳ ಲೆಕ್ಕ ತಪ್ಪಿದರೆ ಫಲವಿಲ್ಲ. ಗಾಜಿನ ತಟ್ಟೆಯಲ್ಲಿ ಕೆಲವರ ಕಣಗಳು ಕೆಲವು ಗಂಟೆ ತೋರಿದ ತಾಳಿಕೆಯ ಮೇಲೆ ಇಡೀ ಜನಸಮುದಾಯದ ಆರೋಗ್ಯ ನೀತಿಯನ್ನು ಕಟ್ಟಲಾಗದು.

ಈ ವಾದದ ಮುಕುಟಮಣಿ ತೈವಾನ್. ಅದನ್ನು ಸಾವಧಾನವಾಗಿ ನೋಡೋಣ, ಏಕೆಂದರೆ ತಪ್ಪು ಲೆಕ್ಕ ಹೇಗೆ ನಂಬಿಕೆಯಾಗುತ್ತದೆ ಎಂಬುದು ಇಲ್ಲಿ ಕಣ್ಣಿಗೆ ಕಟ್ಟುವಂತಿದೆ. 1980ರ ದಶಕದ ಆರಂಭದಲ್ಲಿ ವಿಕಿರಣಶೀಲ ಕೋಬಾಲ್ಟ್-60 ಬೆರೆತ ಕಬ್ಬಿಣ ಕರಗಿ, ಕಾಂಕ್ರೀಟಿಗೆ ಹಾಕುವ ಸರಳುಗಳಾಗಿ, ತೈಪೆ ಮತ್ತು ಸುತ್ತಲಿನ ನೂರಾರು ಕಟ್ಟಡಗಳೊಳಗೆ ಸೇರಿಹೋಯಿತು. ಅವುಗಳಲ್ಲಿ ಅಪಾರ್ಟ್‌ಮೆಂಟ್‌ಗಳಿದ್ದವು, ಶಾಲೆಗಳೂ ಇದ್ದವು. ವಿಷಯ ಬಯಲಾದದ್ದು 1992ರಲ್ಲಿ. ಅಷ್ಟರಲ್ಲಿ ಸಾವಿರಾರು ಜನ ವರ್ಷಗಟ್ಟಲೆ ಗೋಡೆಯಿಂದ ಬರುವ ಗಾಮಾ ಕಿರಣದ ನಡುವೆ ಉಂಡು ಮಲಗಿ ಎದ್ದಿದ್ದರು, ಮಕ್ಕಳು ಅಲ್ಲೇ ಬೆಳೆದಿದ್ದರು. 2004ರಲ್ಲಿ ಪ್ರಕಟವಾದ ಒಂದು ಲೇಖನ, ಈ ಸುಮಾರು 10,000 ನಿವಾಸಿಗಳ ಕ್ಯಾನ್ಸರ್ ಸಾವಿನ ದರ ಉಳಿದ ಜನರ ದರದ ಶೇ 3ರಷ್ಟು ಮಾತ್ರ ಎಂದು ಘೋಷಿಸಿತು. ಅಲ್ಪ ವಿಕಿರಣ ನಿರೋಧಕ ಶಕ್ತಿಯನ್ನು ಬಡಿದೆಬ್ಬಿಸಿ ಕ್ಯಾನ್ಸರನ್ನು ಹೆಚ್ಚುಕಡಿಮೆ ಅಳಿಸಿಹಾಕಿದೆ ಎಂಬ ಧಾಟಿ. ಆ ಅಂಕಿ ಜಗತ್ತನ್ನು ಸುತ್ತಿತು, ಇಂದಿಗೂ ಸುತ್ತುತ್ತಿದೆ.

ಆ ಲೆಕ್ಕದಲ್ಲಿ ವಯಸ್ಸನ್ನು ಸರಿದೂಗಿಸಿರಲಿಲ್ಲ. ಹೊಸ ಅಪಾರ್ಟ್‌ಮೆಂಟಿಗೆ ಬಂದು ನೆಲೆಸಿದ ಸಂಸಾರಗಳು, ಶಾಲೆಗೆ ಬರುವ ಮಕ್ಕಳು, ಇವರನ್ನು ಮುದುಕರೂ ಸೇರಿದ ಇಡೀ ದೇಶದ ಜನಸಂಖ್ಯೆಯ ಜೊತೆ ಹೋಲಿಸಲಾಗಿತ್ತು. ಕ್ಯಾನ್ಸರ್ ಮುಖ್ಯವಾಗಿ ಇಳಿವಯಸ್ಸಿನ ರೋಗ. ಎಳೆಯರ ಗುಂಪಿನಲ್ಲಿ ಕ್ಯಾನ್ಸರ್ ಸಾವು ಕಡಿಮೆ ಇರುವುದಕ್ಕೆ ಕೋಬಾಲ್ಟ್ ಬೇಕಿಲ್ಲ. ತೈವಾನಿನ ಸಂಶೋಧಕರೇ ಮುಂದೆ 7,271 ನಿವಾಸಿಗಳ ಹೆಸರು, ವಯಸ್ಸು, ಪಡೆದ ವಿಕಿರಣ ಎಲ್ಲವನ್ನೂ ಕ್ಯಾನ್ಸರ್ ನೋಂದಣಿಯ ಜೊತೆ ತಾಳೆ ಹಾಕಿದರು. 2006ರ ಅವರ ವರದಿಯಲ್ಲಿ ಒಟ್ಟು ಕ್ಯಾನ್ಸರ್ ನಿರೀಕ್ಷೆಗಿಂತ ತುಸು ಕಡಿಮೆಯೇ ಇತ್ತು. ಇದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಎರಡು ಜನವರ್ಗಗಳ ಆದಾಯ, ಅಭ್ಯಾಸ ಬೇರೆಯಾದರೂ ಅಷ್ಟು ವ್ಯತ್ಯಾಸ ಬರಬಹುದು. ಮುಖ್ಯ ಸಂಗತಿ ಎಂದರೆ, ಶೇ 97ರಷ್ಟು ಇಳಿಕೆ ಎಂಬ ಪವಾಡ ಅಲ್ಲಿ ಇರಲೇ ಇಲ್ಲ. ಬದಲಿಗೆ ಗಂಡಸರಲ್ಲಿ ರಕ್ತಕ್ಯಾನ್ಸರ್ ಹೆಚ್ಚಿತ್ತು. ನಿವಾಸಿಗಳನ್ನು ಅವರವರೊಳಗೇ ಹೋಲಿಸಿದ 2008ರ ವರದಿಯಲ್ಲಿ, ಹೆಚ್ಚು ವಿಕಿರಣ ಪಡೆದಷ್ಟೂ ರಕ್ತಕ್ಯಾನ್ಸರಿನ ಅಪಾಯ ಹೆಚ್ಚಿದ್ದು ಕಂಡಿತು. ಇದಕ್ಕೆ ಎಷ್ಟೋ ಮುಂಚೆ, 1999ರಲ್ಲಿ, ಇಂಥ ಕಟ್ಟಡಗಳ ನಿವಾಸಿಗಳ ರಕ್ತದಲ್ಲಿ ಲಿಂಫೋಸೈಟ್ ಉಪವರ್ಗಗಳ ಹಂಚಿಕೆ ಬದಲಾಗಿರುವುದೂ ವರದಿಯಾಗಿತ್ತು. ತಮಗೆ ತಿಳಿಯದೆ ವಿಕಿರಣಕ್ಕೆ ಒಡ್ಡಿಕೊಂಡ ಸಂಸಾರಗಳನ್ನು ಅದೃಷ್ಟವಂತರು ಎಂಬಂತೆ ಉಲ್ಲೇಖಿಸುವುದು ನನಗೆ ಬರಿಯ ಅಂಕಿಅಂಶದ ತಪ್ಪಾಗಿ ಕಾಣುವುದಿಲ್ಲ. ಅದು ಅನ್ಯಾಯ.

ಇನ್ನು ಕೇರಳ. ಕೊಲ್ಲಂ ಜಿಲ್ಲೆಯ ಕರುನಾಗಪಳ್ಳಿಯ ಕರಾವಳಿಯಲ್ಲಿ ಥೋರಿಯಂ ಇರುವ ಮೊನಜೈಟ್ ಮರಳಿದೆ. ನಮ್ಮ ಉಳ್ಳಾಲದ ಕಡಲತೀರದಲ್ಲೂ ಅಂಥ ಮರಳಿರುವುದನ್ನು ಮಂಗಳೂರಿನ ವಿಜ್ಞಾನಿಗಳು ಗುರುತಿಸಿದ್ದಾರೆ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ ಕರುನಾಗಪಳ್ಳಿಯ 69,958 ಜನರನ್ನು ಸರಾಸರಿ ಹತ್ತೂವರೆ ವರ್ಷ ಹಿಂಬಾಲಿಸಿ, ವಿಕಿರಣ ಹೆಚ್ಚಿದ್ದೆಡೆ ಕ್ಯಾನ್ಸರ್ ಹೆಚ್ಚಾಗಿ ಕಂಡಿಲ್ಲ ಎಂದು 2009ರಲ್ಲಿ ವರದಿ ಮಾಡಿತು. ನಮ್ಮ ದೇಶ ಹೆಮ್ಮೆಪಡಬೇಕಾದ ಅಧ್ಯಯನ ಇದು, ಮನೆ ಮನೆಗೆ ಹೋಗಿ ಅಳತೆ ಮಾಡಿದ ಕೆಲಸ. ಆದರೆ ಅದು ಹೇಳಿದ್ದು ಹೆಚ್ಚಳ ಕಂಡಿಲ್ಲ ಎಂದಷ್ಟೇ, ರಕ್ಷಣೆ ಸಿಕ್ಕಿದೆ ಎಂದಲ್ಲ. ಅದರ ಲೆಕ್ಕದ ಅನಿಶ್ಚಿತತೆಯ ವ್ಯಾಪ್ತಿಯಲ್ಲಿ ಇಳಿಕೆಗೂ ಜಾಗವಿದೆ, ಜಪಾನಿನ ಬಾಂಬ್ ಸಂತ್ರಸ್ತರಲ್ಲಿ ಕಂಡ ಪ್ರಮಾಣದ ಏರಿಕೆಯ ಹತ್ತಿರದವರೆಗೂ ಜಾಗವಿದೆ. ಅಷ್ಟೂ ಜನರಲ್ಲಿ ಸಿಕ್ಕ ರಕ್ತಕ್ಯಾನ್ಸರ್ ಪ್ರಕರಣಗಳು 30. ಇಷ್ಟು ಸಣ್ಣ ಸಂಖ್ಯೆಯಿಂದ ನಿರೋಧಕ ಶಕ್ತಿಯ ಬಗ್ಗೆ ಜಯಘೋಷ ಮಾಡುವುದು ಆ ಅಧ್ಯಯನಕ್ಕೇ ಮಾಡುವ ಅಪಚಾರ.

ಹಿರೋಶಿಮಾ, ನಾಗಾಸಾಕಿಗಳಲ್ಲಿ ಬದುಕುಳಿದವರನ್ನು ವಿಜ್ಞಾನಿಗಳು ಜೀವಮಾನವಿಡೀ ಪರೀಕ್ಷಿಸುತ್ತ ಬಂದಿದ್ದಾರೆ. ಬಾಂಬು ಬಿದ್ದು ದಶಕಗಳಾದ ಮೇಲೂ, ಹೆಚ್ಚು ವಿಕಿರಣ ಪಡೆದಷ್ಟೂ ಅವರ ರಕ್ತದಲ್ಲಿ ಹೊಸ ಟಿ ಕೋಶಗಳು (ಒಂದು ಬಗೆಯ ಲಿಂಫೋಸೈಟ್) ಕಡಿಮೆ, ಉರಿಯೂತದ ಗುರುತಾದ ಪ್ರೋಟೀನುಗಳು ಹೆಚ್ಚು. ಮುಪ್ಪಿನಲ್ಲಿ ಎಲ್ಲರ ನಿರೋಧಕ ವ್ಯವಸ್ಥೆಗೂ ಆಗುವ ಬದಲಾವಣೆ ಇದೇ. ಇವರಿಗೆ ಬೇಗ ಆಗಿದೆ. ಈ ಫಲಿತಾಂಶದ ಬಲವೆಲ್ಲ ಹೆಚ್ಚಿನ ಪ್ರಮಾಣ ಪಡೆದವರಿಂದ ಬಂದದ್ದು, 100 ಮಿಲಿಗ್ರೇ ಕೆಳಗೆ ಇದನ್ನು ಹಾಗೆಯೇ ಎಳೆದು ಹೇಳಲಾಗದು ಎಂಬುದು ನಿಜ. ಆದರೂ ಒಂದು ಪಾಠ ಇದರಲ್ಲಿ ಸ್ಪಷ್ಟ. ನಿರೋಧಕ ವ್ಯವಸ್ಥೆಗೆ ಆದ ಪೆಟ್ಟು ನಲವತ್ತು ಐವತ್ತು ವರ್ಷಗಳ ಮೇಲೆಯೂ ರಕ್ತದಲ್ಲಿ ಕಾಣುತ್ತದೆ. ಸ್ನಾನಗೃಹದಲ್ಲಿ ಎರಡು ಮೂರು ವಾರ ಕಳೆದವರ ರಕ್ತ ಪರೀಕ್ಷಿಸಿ, ಇಂಥ ಕಣ ಏರಿತು ನೋಡಿ ಎನ್ನುವ ವರದಿಗಳಿಗೆ ಆ ದೂರ ಕಾಣುವುದೇ ಇಲ್ಲ.

ಸ್ನಾನಗೃಹಗಳಲ್ಲಿ ಹೆಸರುವಾಸಿಯಾದದ್ದು ಚೆಕ್ ದೇಶದ ಯಾಖಿಮೊವ್. ಮೇರಿ ಕ್ಯೂರಿ ರೇಡಿಯಂ ಬೇರ್ಪಡಿಸಿದ ಅದಿರು ಬಂದದ್ದು ಅಲ್ಲಿಂದ. 1906ರಿಂದ ಅಲ್ಲಿ ರೇಡಾನ್ ನೀರಿನ ಸ್ನಾನ ನಡೆಯುತ್ತಿದೆ. ಅದೇ ಬೆಟ್ಟಸಾಲಿನ ಗಣಿಗಾರರು ತಲೆಮಾರುಗಳಿಂದ ಎದೆಯ ರೋಗದಿಂದ ಸಾಯುತ್ತಿದ್ದರು. ಅದು ಶ್ವಾಸಕೋಶದ ಕ್ಯಾನ್ಸರ್ ಎಂದು 1879ರಲ್ಲೇ ಇಬ್ಬರು ವೈದ್ಯರು ಗುರುತಿಸಿದ್ದರು. 1950ರ ದಶಕದಲ್ಲಿ ಕಮ್ಯುನಿಸ್ಟ್ ಸರ್ಕಾರ ರಾಜಕೀಯ ಕೈದಿಗಳನ್ನು ಅಲ್ಲಿ ಯುರೇನಿಯಂ ತೆಗೆಯಲು ದೂಡಿತು. ಧೂಮಪಾನ ಬಿಟ್ಟರೆ ಶ್ವಾಸಕೋಶದ ಕ್ಯಾನ್ಸರಿಗೆ ಮುಖ್ಯ ಕಾರಣ ರೇಡಾನ್ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೇಲೆ ಬಿಸಿನೀರಿನಲ್ಲಿ ಕೂತ ಅತಿಥಿಗೂ ಕೆಳಗೆ ಗಣಿಯಲ್ಲಿದ್ದ ಕೂಲಿಗೂ ಅನಿಲ ಒಂದೇ. ಅತಿಥಿ ಕೆಲವು ವಾರಗಳಲ್ಲಿ ಮನೆಗೆ ಮರಳುತ್ತಾನೆ.

ಟಾನಿಕ್ ಎಂಬ ಮಾತಿಗೂ ಹಳೆಯ ಚರಿತ್ರೆಯಿದೆ. 1920ರ ದಶಕದಲ್ಲಿ ಅಮೆರಿಕದಲ್ಲಿ ರೇಡಿಯಂ ಬೆರೆಸಿದ ನೀರನ್ನು ರೇಡಿಥಾರ್ ಎಂಬ ಹೆಸರಿನಲ್ಲಿ ಚೈತನ್ಯವರ್ಧಕವೆಂದು ಮಾರಿದರು. ಎಬೆನ್ ಬೈಯರ್ಸ್ ಎಂಬ ಸಿರಿವಂತ ಗಾಲ್ಫ್ ಆಟಗಾರ ಸಾವಿರಕ್ಕೂ ಹೆಚ್ಚು ಸೀಸೆ ಕುಡಿದು, ದವಡೆಯ ಮೂಳೆ ಕರಗಿ, 1932ರಲ್ಲಿ ತೀರಿಕೊಂಡ. ಮೊದಮೊದಲು ಅವನಿಗೂ ಹುರುಪು ಹೆಚ್ಚಿದಂತೆ ಅನಿಸಿತ್ತು. ವೈದ್ಯರೇ ಎಡವಿದ ಇನ್ನೊಂದು ಪ್ರಸಂಗ ಇದಕ್ಕಿಂತ ನೋವಿನದು. ಎದೆಯ ಮೇಲ್ಭಾಗದ ಥೈಮಸ್ ಗ್ರಂಥಿ ದೊಡ್ಡದಾಗಿದ್ದರೆ ಹಸುಗೂಸುಗಳು ಉಸಿರುಕಟ್ಟಿ ಸಾಯುತ್ತವೆಂದು ನಂಬಿ, ಅಮೆರಿಕದಲ್ಲಿ ಸಾವಿರಾರು ಕೂಸುಗಳ ಥೈಮಸ್‌ಗೆ ಎಕ್ಸ್‌ಕಿರಣ ಹಾಯಿಸಿದರು. ಆ ಗಾತ್ರ ಕೂಸುಗಳಲ್ಲಿ ಸಹಜವಾದದ್ದೇ ಆಗಿತ್ತು. 1950ರ ವೇಳೆಗೆ ಆ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಕಾಣತೊಡಗಿತು. ಟಿ ಕೋಶಗಳು ಪಳಗುವ ಜಾಗವೇ ಥೈಮಸ್ ಎಂಬ ಅರಿವಿಗೆ ದಾರಿ ತೆರೆದದ್ದು 1961ರಲ್ಲಿ, ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ನಡೆಸಿದ ಪ್ರಯೋಗಗಳು. ನಿರೋಧಕ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆಂದು ತಿಳಿಯುವ ಮೊದಲೇ ಅದಕ್ಕೆ ವಿಕಿರಣದ ಉಪಚಾರ ಮಾಡಿದ್ದಕ್ಕೆ ಮಕ್ಕಳು ಬೆಲೆ ತೆತ್ತರು.

ಎದುರು ದಿಕ್ಕಿನ ಭಯವನ್ನೂ ನಾನು ಒಪ್ಪುವುದಿಲ್ಲ. ಒಂದು ಎಕ್ಸ್‌ರೇ ತೆಗೆಸಿದರೆ ನಿರೋಧಕ ಶಕ್ತಿ ಸೋರಿಹೋಗುತ್ತದೆಂದು ಹೆದರಿ, ಕೆಮ್ಮು ವಾರಗಟ್ಟಲೆ ಉಳಿದರೂ ಪರೀಕ್ಷೆ ಮುಂದೂಡುವವರು ಕ್ಷಯರೋಗದ ಈ ದೇಶದಲ್ಲಿ ತಮಗೂ ಮನೆಯವರಿಗೂ ಹಾನಿ ಮಾಡಿಕೊಳ್ಳುತ್ತಾರೆ. ವೈದ್ಯಕೀಯ ಕಾರಣವಿದ್ದರೆ ಎಕ್ಸ್‌ರೇಯ ಲಾಭ ಅದರ ಅಪಾಯಕ್ಕಿಂತ ಬಹಳ ದೊಡ್ಡದು. ಈ ಭಯವನ್ನು ದುಡಿಸಿಕೊಳ್ಳುವ ವ್ಯಾಪಾರವೂ ಇದೆ. 5ಜಿ ವಿಕಿರಣದಿಂದ ಕಾಯುತ್ತವೆಂದು ಮಾರುತ್ತಿದ್ದ ಲಾಕೆಟ್, ಮಕ್ಕಳ ಕೈಪಟ್ಟಿ ಮೊದಲಾದ ಹತ್ತು ವಸ್ತುಗಳು ತಾವೇ ಅಯಾನೀಕರಿಸುವ ವಿಕಿರಣ ಹೊಮ್ಮಿಸುತ್ತಿವೆ, ಧರಿಸಬೇಡಿ ಎಂದು 2021ರ ಡಿಸೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ಅಣುಸುರಕ್ಷತಾ ಪ್ರಾಧಿಕಾರ ಎಚ್ಚರಿಸಿತು. ಮೊಬೈಲ್ ಟವರಿನ ಅಲೆಗಳಿಗೆ ಪರಮಾಣುವನ್ನು ಅಯಾನೀಕರಿಸುವ, ಅಂದರೆ ಅದರಿಂದ ಎಲೆಕ್ಟ್ರಾನ್ ಕಿತ್ತುಹಾಕುವ ತಾಕತ್ತಿಲ್ಲ. ಕೊರಳಿಗೆ ಕಟ್ಟಿಕೊಂಡ ಲಾಕೆಟ್ಟಿನ ಕಿರಣಕ್ಕೆ ಇದೆ.

ವಿಶ್ವಸಂಸ್ಥೆಯ ಸಮಿತಿ ತನ್ನ 2006ರ ವರದಿಯಲ್ಲಿ ಒಂದು ಇಡೀ ಅನುಬಂಧವನ್ನು ವಿಕಿರಣ ಮತ್ತು ನಿರೋಧಕ ವ್ಯವಸ್ಥೆಗೇ ಮೀಸಲಿಟ್ಟಿತು. ಹೆಚ್ಚಿನ ಪ್ರಮಾಣ ವ್ಯವಸ್ಥೆಯನ್ನು ಕುಗ್ಗಿಸುತ್ತದೆ ಎಂಬುದರಲ್ಲಿ ಅದಕ್ಕೆ ಅನುಮಾನವಿರಲಿಲ್ಲ. ಅಲ್ಪ ಪ್ರಮಾಣದ ಪರಿಣಾಮ ಉತ್ತೇಜನವೋ ಕುಗ್ಗುವಿಕೆಯೋ ಎಂಬುದು ಇತ್ಯರ್ಥವಾಗಿಲ್ಲ ಎಂಬುದು ಅದರ ನಿಲುವು. ಕ್ಯಾನ್ಸರಿನ ವಿಷಯದಲ್ಲಿ ಚಿತ್ರ ಇದಕ್ಕಿಂತ ಸ್ಪಷ್ಟ. ಫ್ರಾನ್ಸ್, ಬ್ರಿಟನ್, ಅಮೆರಿಕಗಳ 3,09,932 ಅಣುಸ್ಥಾವರ ಕೆಲಸಗಾರರ ದಾಖಲೆಗಳ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ವರ್ಷವರ್ಷವೂ ಸ್ವಲ್ಪ ಸ್ವಲ್ಪವಾಗಿ ಒಟ್ಟುಗೂಡಿದ ವಿಕಿರಣಕ್ಕೂ ಗಡ್ಡೆರೂಪದ ಕ್ಯಾನ್ಸರಿನ ಸಾವಿಗೂ ಸಂಬಂಧ ಕಂಡಿತು. ಪ್ರತಿ ಗ್ರೇಗೆ ಅಪಾಯ ಶೇ 52ರಷ್ಟು ಹೆಚ್ಚು. ಅಲ್ಪ ವಿಕಿರಣ ದೇಹದ ಕಾವಲನ್ನು ಬಿಗಿಗೊಳಿಸುವಂತಿದ್ದರೆ ಈ ಕೆಲಸಗಾರರಲ್ಲಿ ಅದರ ನೆರಳಾದರೂ ಕಾಣಬೇಕಿತ್ತು.

ಆದರೂ ಪಟ್ಟು ಸಡಿಲಿಲ್ಲ. ವಿಕಿರಣ ಅರ್ಧವಾದರೆ ಅಪಾಯ ಅರ್ಧವಾಗುತ್ತದೆ, ಸೊನ್ನೆಯಾಗುವುದಿಲ್ಲ ಎಂಬ ಲೆಕ್ಕಾಚಾರದ ಮೇಲೆ ಇಂದಿನ ಸುರಕ್ಷತಾ ಮಿತಿಗಳು ನಿಂತಿವೆ. ಅದನ್ನು ಕೈಬಿಡಿ, ಅಲ್ಪ ವಿಕಿರಣ ಒಳ್ಳೆಯದು ಎಂದು 2015ರಲ್ಲಿ ಅಮೆರಿಕದ ಅಣು ನಿಯಂತ್ರಣ ಆಯೋಗಕ್ಕೆ ಅರ್ಜಿಗಳು ಬಂದವು. ಆಯೋಗ 2021ರಲ್ಲಿ ತಳ್ಳಿಹಾಕಿತು. 2025ರ ಮೇ ತಿಂಗಳಲ್ಲಿ ಅಲ್ಲಿನ ಅಧ್ಯಕ್ಷರ ಆದೇಶವೇ ಆ ಲೆಕ್ಕಾಚಾರವನ್ನು ಮರುಪರಿಶೀಲಿಸುವಂತೆ ಆಯೋಗಕ್ಕೆ ಹೇಳಿತು. ನಮ್ಮಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಕೆಲಸಗಾರನಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30ನ್ನು ಮೀರುವಂತಿಲ್ಲ, ಸಾರ್ವಜನಿಕರಿಗೆ 1. ಕೈಗಾದಲ್ಲಿ ಈಗಿನ ನಾಲ್ಕು ಘಟಕಗಳ ಜೊತೆಗೆ ಐದನೆಯದು, ಆರನೆಯದು ಬರಲಿವೆ. ಅಮೆರಿಕದ ವಾದ ನಾಳೆ ಇಲ್ಲಿಗೂ ಬಂದರೆ, ಮೊದಲು ತಟ್ಟುವುದು ಅಂಥ ಸ್ಥಾವರಗಳ ಒಳಗೆ ಎದೆಗೆ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಸಿಕ್ಕಿಸಿಕೊಂಡು ದುಡಿಯುವ ಗುತ್ತಿಗೆ ಕಾರ್ಮಿಕರಿಗೆ.

ಅಲ್ಪ ವಿಕಿರಣ ನಿರೋಧಕ ಶಕ್ತಿಗೆ ಒಳ್ಳೆಯದು ಎನ್ನುವವರು ನಿಜವಾದ 100 ಮಿಲಿಗ್ರೇ ಮಿತಿಯೊಳಗೆ, ಆರೋಗ್ಯವಂತ ಮನುಷ್ಯರಲ್ಲಿ, ವಯಸ್ಸು ಸರಿದೂಗಿಸಿ, ದಶಕಗಳ ಕಾಲ ಹಿಂಬಾಲಿಸಿ, ಸೋಂಕು, ಕ್ಯಾನ್ಸರ್, ಸ್ವಪ್ರತಿರಕ್ಷಾ ರೋಗ ಮೂರನ್ನೂ ಎಣಿಸಿ ಲಾಭ ತೋರಿಸಲಿ. ಮಕ್ಕಳಲ್ಲಿ, ಬಸುರಿಯರಲ್ಲಿ, ಮುದುಕರಲ್ಲಿ ಆ ಲಾಭ ಉಳಿಯುತ್ತದೆಯೇ ಎಂದೂ ಹೇಳಲಿ. ಅಲ್ಲಿಯವರೆಗೆ ಆ 20, 30, 1ರ ಮಿತಿಗಳಲ್ಲಿ ಒಂದು ಮಿಲಿಸೀವರ್ಟನ್ನೂ ಏರಿಸಲು ಅವರ ಮಾತನ್ನು ಆಧಾರ ಮಾಡಿಕೊಳ್ಳಬಾರದು.